ತ್ರಿಕೋನದ ಗುಡ್ಡ ಯಾರಿಂದ ಹೋಯಿತು? ವ್ಯಾನ್ ಗೋ, ಮಾತೀಸ್, ಕಿನ್ನಾಳ: ಆರನೇ ಕ್ಲಾಸಿನಲ್ಲಿ ಮಾಡಿ ನೋಡಿದ್ದು

ನಮ್ಮ ಶಾಲೆ ಇರುವುದು ಗಂಗಾವತಿ ತಾಲೂಕಿನಲ್ಲಿ. ಆರನೇ ಕ್ಲಾಸಿನ ಕಿಟಕಿ ತೆರೆದರೆ ಎದುರಿಗೇ ಗುಡ್ಡ. ಈ ಕಡೆಯ ಗುಡ್ಡ ನೋಡಿದವರಿಗೆ ಗೊತ್ತು: ಕಲ್ಲಿನ ಮೇಲೆ ಕಲ್ಲು, ಅದರ ಮೇಲೆ ಇನ್ನೊಂದು, ಈಗ ಉರುಳಿತು ಅನ್ನಿಸಿದರೂ ಉರುಳದ ಗುಂಡುಗಳು. ಅದರ ಬುಡದಿಂದ ನಮ್ಮ ಕಾಂಪೌಂಡಿನವರೆಗೂ ಕಾಲುವೆ ನೀರಿನ ಭತ್ತದ ಗದ್ದೆ.

ಆ ಕಿಟಕಿ ಪಕ್ಕ ಕೂತ ಮಕ್ಕಳಿಗೆ ಒಂದು ಶನಿವಾರ 'ಗುಡ್ಡದ ಚಿತ್ರ ತೆಗೀರಿ' ಅಂದೆ. 36 ಮಕ್ಕಳು, 36 ಹಾಳೆ. ಎಲ್ಲದರಲ್ಲೂ ಎರಡು ತ್ರಿಕೋನ, ನಡುವೆ ಅರ್ಧ ಸೂರ್ಯ, ಕೆಳಗೆ ಹೊಳೆ, ಬದಿಗೊಂದು ತೆಂಗಿನ ಮರ. ಕಿಟಕಿ ತೆರೆದೇ ಇತ್ತು. ಒಬ್ಬರೂ ಹೊರಗೆ ನೋಡಲಿಲ್ಲ. ನೋಡುವ ಅಗತ್ಯ ಏನಿದೆ ಹೇಳಿ, ಗುಡ್ಡ ಅಂದರೆ ತ್ರಿಕೋನ ಅಂತ ಕೈಗೆ ಬಾಯಿಪಾಠ ಆಗಿದೆಯಲ್ಲ.

ನಾನು ಗಣಿತದ ಮಾಸ್ತರ. ನಮ್ಮಲ್ಲಿ ಚಿತ್ರಕಲೆಗೆ ಬೇರೆ ಶಿಕ್ಷಕರಿಲ್ಲ, ಆ ಪೀರಿಯಡ್ಡು ನನ್ನ ಪಾಲಿಗೆ ಬಂದಿದೆ. 'ಕಲಾವಿದರನ್ನು ಇಟ್ಟುಕೊಂಡು ಮಕ್ಕಳಿಗೆ ಚಟುವಟಿಕೆ ಮಾಡಿಸಿ' ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಯಾವ ಕಲಾವಿದರು, ಯಾವ ಚಟುವಟಿಕೆ ಅನ್ನುವುದು ಮಾಡಿ ನೋಡಿದರೇ ಗೊತ್ತಾಗುವುದು. ಕಳೆದ ವರ್ಷ ಐದಾರು ತರಹ ಮಾಡಿಸಿದೆ. ಖರ್ಚೆಷ್ಟು, ಎರಡು ಪೀರಿಯಡ್‌ನಲ್ಲಿ ಮುಗಿಯುತ್ತದಾ ಅಂತ ನೋಡಿದೆ. ಎಲ್ಲಕ್ಕಿಂತ ಜಾಸ್ತಿ ನೋಡಿದ್ದು, ಆ ತ್ರಿಕೋನ ಹೋಯಿತಾ ಇಲ್ಲವಾ ಅಂತ.

ಮೊದಲು ಡಚ್ ಚಿತ್ರಕಾರ ವ್ಯಾನ್ ಗೋ. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ, ನಾನೂ ಮಾಡಿದೆ. ನಕ್ಷತ್ರ ತುಂಬಿದ ರಾತ್ರಿಯ ಆ ಪ್ರಸಿದ್ಧ ಚಿತ್ರವನ್ನು ಟಿವಿ ಮೇಲೆ ದೊಡ್ಡದಾಗಿ ತೋರಿಸಿದೆ. ಎದುರಿಗಿರುವ ಎತ್ತರದ ಸೈಪ್ರೆಸ್ ಮರ ನೋಡಿ ಹಿಂದಿನ ಬೆಂಚಿನವನೊಬ್ಬ 'ಸರ್ರೀ, ಅಲ್ಲಿ ಬೆಂಕಿ ಹತ್ತೇತಿ' ಅಂದ. ಚೆನ್ನಾಗಿಯೇ ನೋಡಿದ್ದ, ಅದು ಉರಿಯ ಹಾಗೇ ಇದೆ. ಆಯಿಲ್ ಪೇಸ್ಟಲ್ ಡಬ್ಬಿ ನಾಲ್ಕು ಜನಕ್ಕೆ ಒಂದರಂತೆ ಒಂಬತ್ತು ತಂದೆ. ಸುಮಾರು ನಾನೂರು ರೂಪಾಯಿ ಕೈಯಿಂದ ಹೋಯಿತು. ನೀಲಿ, ಹಳದಿ ಕಡ್ಡಿ ಒಂದೇ ದಿನಕ್ಕೆ ಖಾಲಿ. ಕಂದು, ಗುಲಾಬಿ ಇವತ್ತಿಗೂ ಹಾಗೇ ಬಿದ್ದಿವೆ.

ಬಂದ ಚಿತ್ರಗಳು ನೋಡಲು ಬಲು ಚೆಂದ. ಹೆಡ್ ಮಾಸ್ತರಿಗೂ ಖುಷಿ. ಆದರೆ 36 ಹಾಳೆಗೂ ಒಂದೇ ಆಕಾಶ, ಒಂದೇ ಸುರುಳಿ. ನಮ್ಮೂರಲ್ಲಿ ಇಲ್ಲದ ಚರ್ಚಿನ ಚೂಪು ಗೋಪುರವನ್ನೂ ಎಲ್ಲರೂ ಬಿಡಿಸಿದ್ದರು. ಕೆಳಗೆ ಗುಡ್ಡ? ಅದೇ ತ್ರಿಕೋನ. ತ್ರಿಕೋನದ ಮೇಲೆ ವ್ಯಾನ್ ಗೋ ಸುರುಳಿ!

ತಪ್ಪು ನನ್ನದೇ. ಚಿತ್ರ ತೋರಿಸಿದೆ, ಮಾಡಿದ ರೀತಿ ಹೇಳಲಿಲ್ಲ. ವ್ಯಾನ್ ಗೋ ಅದನ್ನು ಬರೆದದ್ದು 1889ರ ಜೂನ್‌ನಲ್ಲಿ, ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗ. ರಾತ್ರಿ ಕಿಟಕಿಯಿಂದ ನೋಡಿದ್ದನ್ನು ಹಗಲು ಬೇರೆ ಕೋಣೆಯಲ್ಲಿ ಕೂತು ನೆನಪಿನಿಂದ ಬರೆದರು. ಕಿಟಕಿಯಿಂದ ಕಾಣದ ಊರನ್ನೂ ಸೇರಿಸಿದರು. ಮಕ್ಕಳಿಗೆ ಈ ಕಥೆ ಮೊದಲೇ ಹೇಳಿ, ಮನೆಗೆ ಹೋಗಿ ರಾತ್ರಿ ಮಾಳಿಗೆ ಹತ್ತಿ ನೋಡಿ ಬನ್ನಿ ಅನ್ನಬೇಕಿತ್ತು. ಎರಡನೇ ಸಲ ಹಾಗೇ ಮಾಡಿದೆ, ಟಿವಿ ಹಾಕಲೇ ಇಲ್ಲ. ಚೂರು ಸುಧಾರಿಸಿತು. ರೈಸ್ ಮಿಲ್ಲಿನ ಲೈಟು ಬಂತು, ಒಬ್ಬಳ ಹಾಳೆಯಲ್ಲಿ ಮೊಬೈಲ್ ಟವರಿನ ಕೆಂಪು ದೀಪ ಬಂತು. ತ್ರಿಕೋನ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಇನ್ನೊಬ್ಬ ಡಚ್ ಚಿತ್ರಕಾರ ಮೊಂಡ್ರಿಯನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಪ್ಪು ಗೆರೆ, ಕೆಂಪು, ಹಳದಿ, ನೀಲಿ ಚೌಕ. ಸ್ಕೇಲ್ ಇದ್ದರೆ ಸಾಕು, ಖರ್ಚು ಸೊನ್ನೆ, ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಯಾವ ಮಗುವೂ ಅಳುಕುವುದಿಲ್ಲ. ನಾನಂತೂ ಅದನ್ನು ವಿಸ್ತೀರ್ಣದ ಪಾಠಕ್ಕೆ ಬಳಸಿಕೊಂಡೆ: ಕೆಂಪು ಆಯತ ಎಷ್ಟು ಚದರ ಸೆಂಟಿಮೀಟರ್, ಇಡೀ ಹಾಳೆಯಲ್ಲಿ ಅದರ ಭಾಗ ಎಷ್ಟು? ಗಣಿತಕ್ಕೆ ಒಳ್ಳೆಯದು. ಚಿತ್ರದ ಪೀರಿಯಡ್ಡಿಗೆ ಸಪ್ಪೆ.

ಜಪಾನಿನ ಕಲಾವಿದೆ ಯಾಯೊಯಿ ಕುಸಾಮ ಅವರ ಚುಕ್ಕೆಗಳನ್ನು ಚಿಕ್ಕ ಮಕ್ಕಳಿಗೆ, ನಲಿಕಲಿಯವರಿಗೆ ಮಾಡಿಸಿದೆ. ಅವರು ಹುಟ್ಟಿದ್ದು 1929ರಲ್ಲಿ, ಬೀಜ ಮತ್ತು ಸಸಿ ವ್ಯಾಪಾರದ ಮನೆತನದಲ್ಲಿ. ಕುಂಬಳಕಾಯಿ ಅಂದರೆ ಅವರಿಗೆ ಪ್ರಾಣ. ನಮ್ಮ ಮಕ್ಕಳಿಗೂ ಕುಂಬಳಕಾಯಿ ಗೊತ್ತು, ಸಸಿ ಮಡಿಯೂ ಗೊತ್ತು. ಕಿವಿಗೆ ಹಾಕುವ ಹತ್ತಿಕಡ್ಡಿ ಬಣ್ಣದಲ್ಲಿ ಅದ್ದಿ ಚುಕ್ಕೆ ಇಡುತ್ತ ಕೂತರೆ ಕ್ಲಾಸು ಅರ್ಧ ಗಂಟೆ ತಣ್ಣಗಿರುತ್ತದೆ. ಎರಡನೇ ಕ್ಲಾಸಿನವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಆರನೇ ಕ್ಲಾಸಿನವರು ಹತ್ತು ನಿಮಿಷಕ್ಕೆ 'ಆತ್ರಿ ಸರ್, ಮುಂದೇನ್ರೀ?' ಅಂದರು.

ಈಗ ಮಾತೀಸ್. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಫ್ರಾನ್ಸಿನ ಚಿತ್ರಕಾರ ಹೆನ್ರಿ ಮಾತೀಸ್‌ಗೆ 1941ರಲ್ಲಿ ದೊಡ್ಡ ಆಪರೇಷನ್ ಆಯಿತು. ಆಮೇಲೆ ಹೆಚ್ಚಾಗಿ ಹಾಸಿಗೆ, ಗಾಲಿ ಕುರ್ಚಿಯಲ್ಲೇ. ಕ್ಯಾನ್ವಾಸ್ ಮುಂದೆ ನಿಂತು ಬರೆಯುವುದು ಕಷ್ಟವಾಯಿತು. ಸಹಾಯಕರು ಹಾಳೆಗೆ ಬಣ್ಣ ಬಳಿದು ಕೊಡುತ್ತಿದ್ದರು, ಇವರು ಕತ್ತರಿಯಿಂದ ನೇರ ಕತ್ತರಿಸುತ್ತಿದ್ದರು. 1953ರಲ್ಲಿ ಹೀಗೆ ಮಾಡಿದ 'ಬಸವನಹುಳು' ಅನ್ನುವ ಚಿತ್ರ ಲಂಡನ್ನಿನ ಟೇಟ್ ಗ್ಯಾಲರಿಯ ಸಂಗ್ರಹದಲ್ಲಿದೆ. ಸುಮಾರು 2.86 ಮೀಟರ್ ಚೌಕ. ಅಷ್ಟು ಅಂದರೆ ಮಕ್ಕಳಿಗೆ ಏನು ತಿಳಿಯುತ್ತದೆ? ಟೇಪು ಹಿಡಿದು ಅಂಗಳದಲ್ಲಿ ಸುಣ್ಣದ ಪುಡಿಯಿಂದ ಅಷ್ಟೇ ದೊಡ್ಡ ಚೌಕ ಹಾಕಿಸಿದೆ. 36 ಮಕ್ಕಳೂ ಒಳಗೆ ಒತ್ತಿಕೊಂಡು ನಿಂತರು. ಮುಪ್ಪಿನಲ್ಲಿ ಇಷ್ಟು ದೊಡ್ಡದು ಹೆಂಗ ಮಾಡಿದರು ಅಂತ ಅವರೇ ಕೇಳಿದರು.

ನಿಯಮ ಒಂದೇ ಇಟ್ಟೆ: ಪೆನ್ಸಿಲ್ ಮುಟ್ಟುವಂತಿಲ್ಲ. ಮೊದಲು ಗೆರೆ ಹಾಕಿ ಆಮೇಲೆ ಕತ್ತರಿಸುವುದು ನಡೆಯಲ್ಲ. ಹಾಳೆಗೆ ದುಡ್ಡು ಹಾಕಲಿಲ್ಲ. ಮನೆಯಲ್ಲಿ ಬಿದ್ದ ಲಗ್ನಪತ್ರಿಕೆ ತನ್ನಿ ಅಂದೆ. ನಮ್ಮ ಕಡೆ ಲಗ್ನಪತ್ರಿಕೆಗೆ ಬರವೇ? ಅರಿಶಿನ, ಕುಂಕುಮ, ಗಿಳಿ ಹಸಿರು, ಬಂಗಾರದ ಬಣ್ಣ, ಒಂದು ಗೋಣಿಚೀಲ ತುಂಬ ಬಂತು. ಅಂಟಿಗೆ ಬಿಸಿಯೂಟದ ಅಡುಗೆ ಅಕ್ಕ ಮೈದಾ ಕುದಿಸಿ ಕೊಟ್ಟರು. ಕತ್ತರಿ ಮಾತ್ರ ಹನ್ನೆರಡೇ ಸಿಕ್ಕವು, ಮೂವರಿಗೆ ಒಂದು. ಇದೇ ದೊಡ್ಡ ತಲೆನೋವು. ಕಾಯುವವರು ಸುಮ್ನೆ ಕೂರುತ್ತಾರಾ? ಹಾಗಾಗಿ ಕೈಯಿಂದ ಹರಿದರೂ ಆದೀತು ಅಂದೆ. ಅದೇ ಒಳ್ಳೆಯದಾಯಿತು, ದಪ್ಪ ಹಾಳೆ ಹರಿದಾಗ ಅಂಚಿನಲ್ಲಿ ಬಿಳಿ ನಾರು ಉಳಿಯುತ್ತದೆ, ಕಲ್ಲಿನ ಒರಟು ತಾನಾಗಿ ಬರುತ್ತದೆ.

ಕಿಟಕಿ ಪಕ್ಕದ ಬೆಂಚಿನ ಹುಡುಗಿಯೊಬ್ಬಳು ಕಂದು ಬಣ್ಣದ ಪತ್ರಿಕೆ ಹಿಡಿದು ತ್ರಿಕೋನ ಕತ್ತರಿಸಲು ಹೋದಳು. ನೇರ ಬರಲಿಲ್ಲ. ಕತ್ತರಿ ಮೊಂಡು, ಹಾಳೆ ದಪ್ಪ, ಮೂಲೆಗಳೆಲ್ಲ ಉರುಟಾದವು. ತುಂಡನ್ನು ಒಮ್ಮೆ ನೋಡಿದಳು, ಆಮೇಲೆ ಕಿಟಕಿ ಕಡೆ ನೋಡಿದಳು. ಆಮೇಲೆ ಬೇಕಂತಲೇ ಉರುಟು ತುಂಡು ಕತ್ತರಿಸತೊಡಗಿದಳು: ದೊಡ್ಡದು, ಸಣ್ಣದು, ಸೊಟ್ಟದ್ದು. ಒಂದರ ಮೇಲೊಂದು ಇಟ್ಟಳು, ಸರಿಸಿದಳು, ತೆಗೆದಳು, ಮತ್ತೆ ಇಟ್ಟಳು. ಅಂಟು ಹಚ್ಚುವ ಮೊದಲೇ ಗುಡ್ಡ ಬಂದಿತ್ತು. ನಮ್ಮ ಗುಡ್ಡ. ಮೇಲಿನ ಗುಂಡು ಬೀಳುವ ಹಾಗೆ ವಾಲಿತ್ತು, ನಿಜವಾದದ್ದು ವಾಲಿರುವ ಬದಿಗೇ.

ಆ ದಿನ 36ರಲ್ಲಿ 21 ಹಾಳೆಯಲ್ಲಿ ತ್ರಿಕೋನ ಇರಲಿಲ್ಲ. ಗಣಿತ ಮಾಸ್ತರ ಅಲ್ವಾ, ಎಣಿಸಿದ್ದೇನೆ.

ಇದಕ್ಕೆ ಪೈಪೋಟಿ ಕೊಟ್ಟದ್ದು ಕಿನ್ನಾಳದ ದಾರಿ. ಕೊಪ್ಪಳದ ಹತ್ತಿರದ ಈ ಊರಿನ ಚಿತ್ರಗಾರರು ಹಗುರ ಮರದ ಗೊಂಬೆ ಮಾಡುತ್ತಾರೆ. ಗೋಣಿ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಅದಕ್ಕೆ ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿದರೆ ಕಿಟ್ಟ. ಅದನ್ನು ಗೊಂಬೆಗೆ ಮೆತ್ತಿ, ಮೇಲೆ ಹತ್ತಿ ಬಟ್ಟೆ ಚೂರು ಅಂಟಿಸಿ, ಆಮೇಲೆ ಬಣ್ಣ. ಇದನ್ನೆಲ್ಲ ಶಾಲೆಯಲ್ಲಿ ಮಾಡುವುದು ಆಗದ ಮಾತು. ಹುಣಸೆ ಬೀಜದ ಅಂಟು ಮಾತ್ರ ಎತ್ತಿಕೊಂಡೆ. ಜೊತೆಗೆ ಬಂಗಾಳದ ಚಿತ್ರಕಾರ ಜಾಮಿನಿ ರಾಯ್ (1887–1972) ಅವರನ್ನು ಸೇರಿಸಿದೆ. ಕಲ್ಕತ್ತದಲ್ಲಿ ಪಾಶ್ಚಾತ್ಯ ಶೈಲಿ ಕಲಿತ ಅವರು ಅದನ್ನು ಬಿಟ್ಟು ಹಳ್ಳಿಯ ಪಟಚಿತ್ರಗಳ ಕಡೆ ತಿರುಗಿದವರು. ಬಣ್ಣ ಮಣ್ಣಿನದು, ಕಲ್ಲಿನದು, ದೀಪದ ಮಸಿಯದು. ಅಂಟು ಅಲ್ಲೂ ಹುಣಸೆ ಬೀಜದ್ದೇ! ಬಂಗಾಳಕ್ಕೂ ಕೊಪ್ಪಳಕ್ಕೂ ಒಂದೇ ಅಂಟು ಅಂದಾಗ ಮಕ್ಕಳಿಗಿಂತ ನನಗೇ ಜಾಸ್ತಿ ಖುಷಿಯಾಗಿತ್ತು.

ನಾಲ್ಕು ಶನಿವಾರ ಹಿಡಿಯಿತು. ಬೀಜ ಹುರಿದು, ಕುಟ್ಟಿ ಸಿಪ್ಪೆ ತೆಗೆದು, ರಾತ್ರಿ ನೆನೆಸಿ, ರುಬ್ಬಿ, ನೀರು ಹಾಕಿ ಕುದಿಸಬೇಕು. ಬಣ್ಣಕ್ಕೆ ಗುಡ್ಡದ ಬುಡದ ಮಸಾರಿ ಮಣ್ಣು, ಹೊಲದ ಎರಿ ಮಣ್ಣು, ಒಲೆ ಮೇಲಿನ ಪಾತ್ರೆಯ ಮಸಿ, ಬಟ್ಟೆಗೆ ಹಾಕುವ ನೀಲಿ, ಅರಿಶಿನ, ಸುಣ್ಣ. ಅರಿಶಿನದ ಬಟ್ಟಲಿಗೆ ಯಾರೋ ಸುಣ್ಣದ ಕುಂಚ ಅದ್ದಿದರು. ಬಣ್ಣ ತಟ್ಟನೆ ಕೆಂಪಾಯಿತು. 'ಸರ್ರೀ, ಆರತಿ ನೀರು ಆತು!' ಅಂತ ಇಡೀ ಕ್ಲಾಸು ಎದ್ದು ನಿಂತಿತು. ಸುಣ್ಣ ಕ್ಷಾರ, ಅರಿಶಿನ ಅದಕ್ಕೆ ಬಣ್ಣ ಬದಲಿಸುತ್ತದೆ ಅನ್ನುವ ಪಾಠ ಅವತ್ತು ಪುಕ್ಕಟೆ ಆಯಿತು.

ಆದರೆ ಗೋಳೂ ಇದೆ. ಅಂಟು ಎರಡು ದಿನಕ್ಕೆ ಹುಳಿ ನಾತ, ಆಮೇಲೆ ಬೂಷ್ಟು. ಆಗಾಗ ಹೊಸದು ಮಾಡಬೇಕು. ಬಿಸಿಲು ಬೀಳುವ ಗೋಡೆಗೆ ಅಂಟಿಸಿದ ಚಿತ್ರಗಳಲ್ಲಿ ಅರಿಶಿನ ಕೆಲವೇ ವಾರಕ್ಕೆ ಮಾಸಿತು. ಬಿಸಿಲು ಬೇಡ ಅಂತ ಅಲ್ಮಾರಿಯಲ್ಲಿ ಇಟ್ಟವುಗಳಲ್ಲಿ 11 ಚಿತ್ರ ಇಲಿ ತಿಂದಿತು. ಬೀಜದ ಅಂಟು ಅದಕ್ಕೂ ಊಟವೇ ತಾನೆ. ಎರಡು ಮನೆಯವರು ಯೂನಿಫಾರಂ ಮೇಲಿನ ಮಸಿ ಕಲೆ ಹಿಡಿದುಕೊಂಡು ಬಂದರು. ಕ್ಷಮೆ ಕೇಳಿದೆ.

ತ್ರಿಕೋನ? ಕಿನ್ನಾಳದ ದಾರಿಯಲ್ಲಿ ಗುಡ್ಡ ಬರೆದವರೇ ಕಮ್ಮಿ. ಎತ್ತು, ಗಣಪ, ಉದ್ದ ಕಣ್ಣಿನ ಅವ್ವ ಜಾಸ್ತಿ ಬಂದರು. ಗುಡ್ಡ ಬರೆದವನೊಬ್ಬ ಕುಂಚ ಬಿಟ್ಟು ಮಸಾರಿ ಮಣ್ಣನ್ನು ಹೆಬ್ಬೆರಳಿಂದ ರಟ್ಟಿಗೆ ಒತ್ತುತ್ತ ಹೋದ. ಒಂದೊಂದು ಒತ್ತಿಗೂ ಒಂದೊಂದು ಗುಂಡು. ಗುಡ್ಡದ ಮಣ್ಣಿಂದಲೇ ಗುಡ್ಡ. ವರ್ಷವಿಡೀ ನಾನು ನೋಡಿದ ಅತ್ಯಂತ ಒಳ್ಳೆಯ ಚಿತ್ರ ಅದು. ಇಲಿಯಿಂದ ಉಳಿಯಿತು, ನನ್ನ ಮನೆಯಲ್ಲಿದೆ.

ನಮ್ಮ ತಾಲೂಕಿನದೇ ಹಿರೇಬೆಣಕಲ್ ಗುಡ್ಡ ಬೇರೆಯೇ ಲೆಕ್ಕ. ಏಳನೇ ಕ್ಲಾಸಿನವರನ್ನು ಒಮ್ಮೆ ಕರೆದುಕೊಂಡು ಹೋಗಿದ್ದೆ. ಕಬ್ಬಿಣ ಯುಗದ ಕಲ್ಲುಮನೆಗಳ (ಚಪ್ಪಡಿ ಕಲ್ಲಿನ ಸಮಾಧಿಗಳ) ಜೊತೆ ಬಂಡೆಗಳ ಮೇಲೆ ಕೆಂಪು ಬಣ್ಣದ ಜನ, ಪ್ರಾಣಿಗಳ ಚಿತ್ರಗಳಿವೆ. ಮುಟ್ಟಬೇಡಿ ಅಂತ ಹತ್ತು ಸಲ ಹೇಳಬೇಕು, ಗುಡ್ಡ ಹತ್ತಬೇಕು, ನೀರು ಹೊರಬೇಕು. ಮಾಡಿದವರ ಹೆಸರು ಯಾರಿಗೂ ಗೊತ್ತಿಲ್ಲದ ಚಿತ್ರದ ಮುಂದೆ ನಿಂತಾಗ 'ನನಗೆ ಚಿತ್ರ ಬರಲ್ರೀ' ಅನ್ನುವ ಮಗು ಒಂದೂ ಸಿಗಲಿಲ್ಲ. ನಾಲ್ಕು ಗೆರೆಗೆ ಮನುಷ್ಯ ಆಗಿದ್ದಾನಲ್ಲ. ಅದನ್ನು ಪ್ರತಿ ವರ್ಷ ಮಾಡಿಸುವ ತಾಕತ್ತು ನನಗಿಲ್ಲ ಅಷ್ಟೇ.

ಯಾರಾದರೂ ಕೇಳಿದರೆ ನಾನು ಹೇಳುವುದು ಹೀಗೆ. ಮಕ್ಕಳು ಜಾಸ್ತಿ, ದುಡ್ಡು ಕಮ್ಮಿ, ಎರಡೇ ಪೀರಿಯಡ್ ಇದ್ದರೆ ಮಾತೀಸ್ ಮತ್ತು ಲಗ್ನಪತ್ರಿಕೆ. ನಾಲ್ಕು ಶನಿವಾರ, ಸಹಕರಿಸುವ ಅಡುಗೆ ಅಕ್ಕ, ಇಲಿ ಬಾರದ ಅಲ್ಮಾರಿ ಇದ್ದರೆ ಕಿನ್ನಾಳದ ದಾರಿ. ವ್ಯಾನ್ ಗೋ ಬೇಕೇ ಬೇಕು ಅಂದರೆ ಟಿವಿ ಕೊನೆಗೆ ಹಾಕಿ, ಮಕ್ಕಳು ತಮ್ಮ ಚಿತ್ರ ಮುಗಿಸಿದ ಮೇಲೆ. ಕಲಾವಿದರ ಚಿತ್ರ ಮೊದಲು ತೋರಿಸಿದರೆ ಮಕ್ಕಳು ನಕಲು ಮಾಡುತ್ತಾರೆ. ಅವರು ಹಿಡಿದ ಸಾಮಾನು, ಹಾಕಿಕೊಂಡ ಕಟ್ಟುಪಾಡು ಮೊದಲು ಕೊಟ್ಟರೆ ಮಕ್ಕಳ ಕೈ ಹೊಸ ದಾರಿ ಹುಡುಕುತ್ತದೆ.

ಮಾತೀಸ್ ಗೆದ್ದರು ಅಂತ ನಾನು ಬೀಗುತ್ತಿರುವಾಗಲೇ ಪ್ರತಿಭಾ ಕಾರಂಜಿ ಬಂತು. ಗುಂಡುಕಲ್ಲಿನ ಗುಡ್ಡ ಮಾಡಿದ್ದ ಅದೇ ಹುಡುಗಿಯನ್ನು ಚಿತ್ರಕಲೆಗೆ ಕಳಿಸಿದೆ. ವಿಷಯ ಪ್ರಕೃತಿ ದೃಶ್ಯ. ಎರಡನೇ ಬಹುಮಾನ ತಂದಳು. ಹಾಳೆ ನೋಡಿದರೆ ಎರಡು ತ್ರಿಕೋನ, ನಡುವೆ ಅರ್ಧ ಸೂರ್ಯ.

'ಯಾಕವ್ವಾ, ನಮ್ಮ ಗುಡ್ಡ ಎಲ್ಲಿ ಹೋತು?' ಅಂದೆ.

'ಅದಕ್ಕ ಕತ್ತರಿ ಬೇಕಲ್ರೀ ಸರ್' ಅಂದಳು. 'ಅಲ್ಲಿ ಪೆನ್ಸಿಲ್ ಅಷ್ಟೇ ತರಾಕ ಹೇಳಿದ್ರು.'