ಕ್ಯಾಮೆರಾ ಹಾಕಿದ ದಂಡ: ಕಟ್ಟುವುದೋ, ಪ್ರಶ್ನಿಸುವುದೋ?

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರಿಗೆ ಗಂಟೆಗೆ 100 ಕಿ.ಮೀ. ಮಿತಿ. ಅದನ್ನು ದಾಟಿದ್ದೀರೆಂದು ಕ್ಯಾಮೆರಾ ಚಿತ್ರದ ಜತೆ ದಂಡದ ಚಲನ್ ಬಂದಿದೆ; ದಾಟಿದ್ದು ನಿಜವಾದರೆ ಕಟ್ಟಿಬಿಡಿ. ಮೋಟಾರು ವಾಹನ ಕಾಯ್ದೆಯ 183ನೇ ಕಲಂ ಪ್ರಕಾರ ಲಘು ವಾಹನಕ್ಕೆ 1,000ದಿಂದ 2,000 ರೂಪಾಯಿ ದಂಡ. ಮೊಬೈಲಿನಲ್ಲೇ ಮುಗಿಯುತ್ತದೆ.

ಪ್ರಶ್ನಿಸುವ ದಾರಿ ಉದ್ದ. ಸಂಚಾರ ಪೊಲೀಸರಿಗೆ ದೂರು ಕೊಡಬೇಕು, ಅಲ್ಲಿ ಬಗೆಹರಿಯದಿದ್ದರೆ ನ್ಯಾಯಾಲಯ. ರಜೆ, ಓಡಾಟ, ವಕೀಲರ ಶುಲ್ಕ ಸೇರಿದರೆ ಖರ್ಚು ದಂಡವನ್ನೇ ಮೀರಬಹುದು. ಆದರೂ ಚಲನ್‌ನ ಚಿತ್ರವನ್ನು ಮೊದಲು ಹಿಗ್ಗಿಸಿ ನೋಡಿ. ನಂಬರ್ ಫಲಕದ ಒಂದು ಅಂಕಿಯನ್ನು ಯಂತ್ರ ತಪ್ಪಾಗಿ ಓದಿರಬಹುದು. ನಿಮ್ಮ ಸಂಖ್ಯೆಯನ್ನು ಬೇರೊಬ್ಬರು ನಕಲಿಯಾಗಿ ಹಾಕಿಕೊಂಡಿರಬಹುದು. ವಾಹನದ ಬಣ್ಣ, ಮಾದರಿ ಹೊಂದದಿದ್ದರೆ ನಿಮ್ಮ ವಾಹನದ ಫೋಟೊ, ಆರ್‌ಸಿ, ಆ ಹೊತ್ತಿಗೆ ಬೇರೆಡೆ ಇದ್ದುದಕ್ಕೆ ಫಾಸ್ಟ್ಯಾಗ್ ದಾಖಲೆ ಸೇರಿಸಿ ದೂರು ಕೊಡಲೇಬೇಕು. ನಕಲಿ ಫಲಕವಾದರೆ ಸುಮ್ಮನೆ ದಂಡ ಕಟ್ಟುವುದು ಅಪಾಯ: ನಾಳೆ ಅದೇ ಸಂಖ್ಯೆಯ ಕಾರು ಅಪಘಾತ ಮಾಡಿದರೆ ಪೊಲೀಸರು ಬರುವುದು ನಿಮ್ಮ ಮನೆಗೆ.

ಕ್ಯಾಮೆರಾ ಇದೆಯೆಂಬ ಸೂಚನಾ ಫಲಕವೂ ಉಪಕರಣಕ್ಕೆ ಅನುಮೋದನೆ ಪ್ರಮಾಣಪತ್ರವೂ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿದ 167ಎ ನಿಯಮ ಹೇಳುತ್ತದೆ. ಇದನ್ನೇ ನೆಚ್ಚಿಕೊಂಡು ವಾದಿಸುವುದಾದರೆ ವಕೀಲರು ಬೇಕು. ಒಂದೇ ಚಲನ್‌ಗೆ ಅದು ನನಗೆ ಸರಿಕಾಣದು.

ವೇಗ 130 ದಾಟಿದ್ದರೆ ಲೆಕ್ಕವೇ ಬೇರೆ. 2024ರ ಆಗಸ್ಟ್‌ನಿಂದ ರಾಜ್ಯದಲ್ಲಿ ಅದಕ್ಕೆ ಎಫ್‌ಐಆರ್ ಇದೆ. ಮೊದಲು ವಕೀಲರನ್ನು ಕಾಣಿ.