ಅಪ್ಪನ ಪಾದದ ನರ ಪರೀಕ್ಷೆ: ಚಿಕ್ಕಮಗಳೂರಿನ ಒಂದು ತಪಾಸಣಾ ಕೇಂದ್ರದ ಬಗ್ಗೆ

ಮೂಡಿಗೆರೆ ಸಮೀಪದ ನಮ್ಮ ತೋಟದ ಮನೆಯಲ್ಲಿ ಕಳೆದ ಪುನರ್ವಸು ಮಳೆಯ ಒಂದು ಬೆಳಿಗ್ಗೆ ಅಪ್ಪ ಅಂಗಳ ದಾಟಿ ಜಗಲಿ ಹತ್ತಿ ಬಂದಾಗ, ಅವರ ಎಡಗಾಲಿನ ಹವಾಯಿ ಚಪ್ಪಲಿ ಅಂಗಳದ ಕೆಸರಿನಲ್ಲೇ ಉಳಿದಿತ್ತು. ಅದು ಕಾಲಿನಿಂದ ಜಾರಿದ್ದು ಅವರ ಅರಿವಿಗೇ ಬಂದಿರಲಿಲ್ಲ. ಅವರಿಗೆ ಈಗ 71 ವರ್ಷ, ಸಕ್ಕರೆ ಕಾಯಿಲೆ ಕಾಣಿಸಿಕೊಂಡು 16 ವರ್ಷವಾಯಿತು. ವಿಷಯ ತಿಳಿದ ವೈದ್ಯರು ತಡಮಾಡದೆ ಎನ್‌ಸಿವಿ ಪರೀಕ್ಷೆಗೆ ಬರೆದುಕೊಟ್ಟರು. ನರಗಳಲ್ಲಿ ವಿದ್ಯುತ್ ಸಂಕೇತ ಎಷ್ಟು ವೇಗವಾಗಿ, ಎಷ್ಟು ಬಲವಾಗಿ ಹರಿಯುತ್ತಿದೆ ಎಂದು ಅಳೆಯುವ ಪರೀಕ್ಷೆ ಇದು. ಇದನ್ನು ನಾವು ಎರಡು ಸಲ ಮಾಡಿಸಬೇಕಾಗಿ ಬಂತು. ಎರಡನೆಯ ಸಲ ಮಾಡಿಸಿದ್ದು ಚಿಕ್ಕಮಗಳೂರಿನ ಈ ಕೇಂದ್ರದಲ್ಲಿ. ಇಲ್ಲಿನ ಕೆಲಸ ಹೇಗಿದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲ ಪರೀಕ್ಷೆ ಬೇರೊಂದು ಊರಿನಲ್ಲಿ ಆಗಿತ್ತು. ಮಳೆಯಲ್ಲಿ ನೆನೆದು ಬಂದ ಅಪ್ಪನನ್ನು ಒದ್ದೆ ಕಾಲು ಒರೆಸಿದ ಕೂಡಲೇ ಮಂಚದ ಮೇಲೆ ಮಲಗಿಸಿ, ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಸಿ ಕಳುಹಿಸಿದರು. ಕಾಲಿನ ಚಲನ ನರದ (ಸ್ನಾಯುಗಳನ್ನು ಆಡಿಸುವ ನರದ) ವೇಗ ಸೆಕೆಂಡಿಗೆ 33 ಮೀಟರ್ ಎಂದು ವರದಿ ಬಂತು. ಈ ನರಕ್ಕೆ ಸಾಮಾನ್ಯವಾಗಿ 40ರ ಆಸುಪಾಸನ್ನು ಕನಿಷ್ಠ ಮಿತಿ ಎಂದು ಹಿಡಿಯುತ್ತಾರೆ. ಮನೆಯವರೆಲ್ಲ ಹೆದರಿದೆವು. ಆದರೆ ವೈದ್ಯರು ವರದಿಯನ್ನು ತಿರುಗಿಸಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಆವತ್ತು ಕಾಲು ತಣ್ಣಗಿತ್ತಾ?" ಪಾದದ ಉಷ್ಣಾಂಶವನ್ನು ಆ ವರದಿಯಲ್ಲಿ ಎಲ್ಲಿಯೂ ನಮೂದಿಸಿರಲಿಲ್ಲ.

ಈ ಕೇಂದ್ರದಲ್ಲಿ ಪರೀಕ್ಷೆ ಮಾಡುವ ಹುಡುಗಿ ಮೊದಲು ಮಾಡಿದ ಕೆಲಸವೇ ತನ್ನ ಅಂಗೈಯ ಹಿಂಭಾಗವನ್ನು ಅಪ್ಪನ ಪಾದಕ್ಕೆ ಇಟ್ಟು ನೋಡಿದ್ದು. ಆಮೇಲೆ ಚರ್ಮಕ್ಕೆ ಉಷ್ಣಮಾಪಕ ತಾಗಿಸಿದಾಗ 27 ಡಿಗ್ರಿ ತೋರಿಸಿತು. ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕಾಲಿಡಿಸಿ, ನೀರಿನ ಬಿಸಿಯನ್ನು ಮೊದಲು ತನ್ನ ಕೈಯಿಂದ ಪರೀಕ್ಷಿಸಿ, ನಂತರ ಕಾಲು ಒರೆಸಿ ಕಂಬಳಿ ಹೊದಿಸಿ, ಉಷ್ಣಾಂಶ 32 ಡಿಗ್ರಿಗೆ ಬರುವವರೆಗೂ ಆಕೆ ಯಂತ್ರವನ್ನು ಮುಟ್ಟಲಿಲ್ಲ. ಅರ್ಧ ಗಂಟೆ ಹಿಡಿಯಿತು. ನರದ ಪೊರೆಯಲ್ಲಿ ಸೋಡಿಯಂ ಒಳನುಗ್ಗಲು ಇರುವ ಸೂಕ್ಷ್ಮ ಬಾಗಿಲುಗಳು ಚಳಿಯಲ್ಲಿ ನಿಧಾನವಾಗಿ ತೆರೆದು ನಿಧಾನವಾಗಿ ಮುಚ್ಚುತ್ತವೆ. ಹೀಗಾಗಿ ಒಂದು ಡಿಗ್ರಿ ಇಳಿದರೆ ವೇಗ ಸೆಕೆಂಡಿಗೆ ಸುಮಾರು 2 ಮೀಟರಿನಷ್ಟು ಇಳಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಆರೋಗ್ಯವಂತನ ಕಾಲನ್ನು ಹಾಗೆಯೇ ಪರೀಕ್ಷಿಸಿದರೂ ಕಾಯಿಲೆಯ ಅಂಕಿ ಬಂದೀತು. ಈ ಅರ್ಧ ಗಂಟೆಯ ತಾಳ್ಮೆಗಾಗಿಯೇ ನಾನು ಈ ಕೇಂದ್ರವನ್ನು ಮನಃಪೂರ್ವಕವಾಗಿ ಮೆಚ್ಚುತ್ತೇನೆ.

ಕಾಲು ಬೆಚ್ಚಗಾಗುವವರೆಗೆ ಅಪ್ಪ ಸುಮ್ಮನೆ ಕೂರಲಿಲ್ಲ. "ನನ್ನ ಮೈಯಲ್ಲಿ ಕರೆಂಟ್ ಇದ್ದರೆ ಒಂದು ಬಲ್ಬಾದರೂ ಉರಿಯಬೇಕಲ್ಲಮ್ಮ?" ಎಂದು ಕೇಳಿದರು. "ಟಾರ್ಚಿಗೆ ಸೆಲ್ಲುಗಳನ್ನು ಒಂದರ ಹಿಂದೆ ಒಂದು ಹಾಕ್ತೀರಲ್ಲ ಅಜ್ಜ, ನಮ್ಮ ಮೈಯ ಸೆಲ್ಲುಗಳನ್ನು ಹಾಗೆ ಜೋಡಿಸಿಲ್ಲ" ಎಂದು ಆಕೆ ಉತ್ತರಿಸಿದಳು. ಇದಕ್ಕಿಂತ ಸರಿಯಾದ ಉತ್ತರವನ್ನು ನಾನು ಕೇಳಿಲ್ಲ. ನಮ್ಮ ಪ್ರತಿಯೊಂದು ಜೀವಕೋಶದ ಪೊರೆಯಲ್ಲೂ ಪುಟ್ಟ ಪಂಪುಗಳಿದ್ದು, ಅವು ಮೂರು ಸೋಡಿಯಂ ಅಯಾನುಗಳನ್ನು, ಎಂದರೆ ವಿದ್ಯುದಂಶವುಳ್ಳ ಕಣಗಳನ್ನು, ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆಳೆದುಕೊಳ್ಳುತ್ತಲೇ ಇರುತ್ತವೆ. ಈ ಕೆಲಸಕ್ಕೆ ಬೇಕಾದ ಶಕ್ತಿ ನಾವು ತಿಂದ ಅನ್ನದ್ದೇ. ಹೀಗೆ ಕೂಡಿಟ್ಟ ಪೊಟ್ಯಾಸಿಯಂ ಪೊರೆಯ ಮೂಲಕ ಮೆಲ್ಲಗೆ ಹೊರಗೆ ಸೋರುವುದರಿಂದ ನರಕೋಶದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟಿನಷ್ಟು ಋಣವಾಗಿ ನಿಲ್ಲುತ್ತದೆ. ಟಾರ್ಚಿನ ಒಂದು ಸೆಲ್ಲಿನ ಇಪ್ಪತ್ತರಲ್ಲಿ ಒಂದು ಪಾಲೂ ಅಲ್ಲದ ಈ ವೋಲ್ಟೇಜು ನಮಗೆ ನಡೆಯಲು, ನೋಡಲು, ಯೋಚಿಸಲು ಸಾಕಾಗುತ್ತದೆ. ದಕ್ಷಿಣ ಅಮೆರಿಕದ ನದಿಗಳ ಎಲೆಕ್ಟ್ರಿಕ್ ಈಲ್ ಮೀನಿನಲ್ಲಿ ಇಂಥವೇ ಕೋಶಗಳು ಸಾವಿರಾರು ಸಂಖ್ಯೆಯಲ್ಲಿ ಸಾಲಾಗಿ ಜೋಡಣೆಯಾಗಿರುವುದರಿಂದ ಅದು 600 ವೋಲ್ಟಿನ ಪೆಟ್ಟು ಕೊಡಬಲ್ಲದು.

ಮನೆಯ ತಂತಿಯಲ್ಲಿ ಹರಿಯುವುದು ಎಲೆಕ್ಟ್ರಾನುಗಳಾದರೆ ನರದಲ್ಲಿ ಪೊರೆ ದಾಟುವುದು ಉಪ್ಪಿನ ಅಯಾನುಗಳು. ಕಾರ್ತಿಕದ ದೀಪೋತ್ಸವದಲ್ಲಿ ಒಂದು ಹಣತೆಯಿಂದ ಮುಂದಿನದನ್ನು ಹಚ್ಚುತ್ತ ಹೋಗುವಂತೆ, ಸಂಕೇತವು ನರದುದ್ದಕ್ಕೂ ಮತ್ತೆ ಮತ್ತೆ ಹೊಸದಾಗಿ ಹೊತ್ತಿಕೊಳ್ಳುತ್ತ ಸಾಗುತ್ತದೆ. ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇರುವ ನರತಂತುಗಳಲ್ಲಿ ಅದು ಹೊದಿಕೆಯ ಸಂದಿನಿಂದ ಸಂದಿಗೆ ಜಿಗಿಯುವುದರಿಂದ ವೇಗ ಹೆಚ್ಚು. ಹೊದಿಕೆಯಿಲ್ಲದ ಸಣ್ಣ ತಂತುಗಳಲ್ಲಿ ಸೆಕೆಂಡಿಗೆ ಒಂದೆರಡು ಮೀಟರು ಮಾತ್ರ. ಜರ್ಮನ್ ವಿಜ್ಞಾನಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದಲ್ಲಿ ಈ ವೇಗವನ್ನು ಮೊದಲ ಬಾರಿಗೆ ಅಳೆದರು. ಅವರ ಉಪಾಯವೇ ಇಂದಿಗೂ ನಡೆಯುತ್ತಿದೆ.

ಅದು ಹೇಗೆಂದು ಅಂದು ಕಣ್ಣಾರೆ ಕಂಡೆ. ಪಾದದ ಮೇಲಿನ ಪುಟ್ಟ ಸ್ನಾಯುವಿಗೆ ಎಲೆಕ್ಟ್ರೋಡ್ ಅಂಟಿಸಬೇಕಿತ್ತು, ಆದರೆ ಅದು ಕೂರಲೇ ಇಲ್ಲ. ಒಡೆದ ಹಿಮ್ಮಡಿಗೆಂದು ಅಪ್ಪ ಹಿಂದಿನ ರಾತ್ರಿ ಎರಡೂ ಪಾದಗಳಿಗೆ ಧಾರಾಳವಾಗಿ ಕೊಬ್ಬರಿ ಎಣ್ಣೆ ತಿಕ್ಕಿಕೊಂಡಿದ್ದರು. ಆಕೆ ಸ್ಪಿರಿಟ್ಟಿನಲ್ಲಿ ಎಣ್ಣೆ ತೆಗೆದು, ಮರಳಿನಂಥ ಜೆಲ್ಲಿನಿಂದ ಒಣಚರ್ಮವನ್ನು ಹಗುರವಾಗಿ ಉಜ್ಜಿ, ಮತ್ತೆ ಅಂಟಿಸಿದಳು. ಪಾದದ ಗಂಟಿನ ಬಳಿ ಒಮ್ಮೆ, ಮಂಡಿಯ ಕೆಳಗೆ ಹೊರಬದಿಯಲ್ಲಿ ಒಮ್ಮೆ ಸಣ್ಣ ಶಾಕ್ ಕೊಟ್ಟಾಗ ಎರಡು ಸಲವೂ ಅಪ್ಪನ ಪಾದ ತಾನಾಗಿಯೇ ಎಗರಿತು. ಎರಡು ಜಾಗಗಳ ನಡುವಿನ ಅಂತರ ಟೇಪಿನಲ್ಲಿ 32 ಸೆಂಟಿಮೀಟರ್, ಎರಡು ಅಲೆಗಳ ನಡುವಿನ ಅಂತರ ಪರದೆಯಲ್ಲಿ 7.8 ಮಿಲಿಸೆಕೆಂಡ್; ಭಾಗಿಸಿದರೆ ಸೆಕೆಂಡಿಗೆ 41 ಮೀಟರ್. ಟೇಪು ಒಂದು ಸೆಂಟಿಮೀಟರ್ ಜಾರಿದರೂ ವೇಗ ಒಂದಕ್ಕಿಂತ ಹೆಚ್ಚು ಮೀಟರ್ ಬದಲಾಗುತ್ತದೆ. ಆಕೆ ಎರಡು ಸಲ ಅಳೆದಳು. ಶಾಕಿನ ಬಗ್ಗೆ ಭಯವಿರುವವರಿಗೆ ಒಂದು ಮಾತು: ಹಿಟ್ಟಿನ ಗಿರಣಿಯ ಬೆಲ್ಟ್ ಕಾಲಿಗೆ ಬಡಿದಷ್ಟೂ ಇಲ್ಲ ಎಂದು ಅಪ್ಪ ಹೇಳಿದರು. ಎದೆಯಲ್ಲಿ ಪೇಸ್‌ಮೇಕರ್ ಇದೆಯೇ ಎಂದು ಆಕೆ ಮೊದಲೇ ಕೇಳಿ ಬರೆದುಕೊಂಡಿದ್ದಳು.

ಹಾಗೆಂದು ಎಲ್ಲವೂ ಸರಿಯಿದೆ ಎಂದಾಗಲಿಲ್ಲ. ಮೀನಖಂಡದ ಹಿಂದಿನಿಂದ ಪಾದದ ಹೊರ ಅಂಚಿಗೆ ಬರುವ ಸ್ಯೂರಲ್ ಎಂಬ ಸಂವೇದನಾ ನರದಿಂದ ಬಂದ ಅಲೆ ಕೇವಲ 2 ಮೈಕ್ರೋವೋಲ್ಟ್ ಇತ್ತು. ಸಕ್ಕರೆ ಕಾಯಿಲೆ ಅತಿ ಉದ್ದದ ನರಗಳ ತುದಿಯನ್ನೇ ಮೊದಲು ಹಿಡಿಯುವುದರಿಂದ ಚಪ್ಪಲಿ ಜಾರಿದ್ದು ತಿಳಿಯದೇ ಹೋದದ್ದಕ್ಕೆ ಇದು ಹೊಂದುತ್ತದೆ. ಚಲನ ನರಗಳು ಮಾತ್ರ ಇನ್ನೂ ಗಟ್ಟಿಯಾಗಿವೆ. ಮೊದಲ ವರದಿಯನ್ನೇ ನಂಬಿದ್ದರೆ ಈ ವ್ಯತ್ಯಾಸ ನಮಗೆ ತಿಳಿಯುತ್ತಲೇ ಇರಲಿಲ್ಲ. ಇನ್ನೊಂದು ವಿಷಯವನ್ನೂ ಇಲ್ಲಿನ ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದರು: ಈ ಯಂತ್ರಕ್ಕೆ ಕಾಣುವುದು ದಪ್ಪನೆಯ, ಹೊದಿಕೆಯುಳ್ಳ ತಂತುಗಳು ಮಾತ್ರ, ಉರಿ, ಬಿಸಿಗಳ ಸುದ್ದಿ ತರುವ ಸಣ್ಣ ತಂತುಗಳು ಕೆಟ್ಟಿದ್ದರೂ ವರದಿ ಸರಿಯಾಗಿಯೇ ಬರಬಹುದು. ಪಾದ ಉರಿಯುತ್ತಿದ್ದು ವರದಿ ಚೆನ್ನಾಗಿದೆ ಎಂದರೆ ಸುಮ್ಮನಾಗಬೇಡಿ. ಸ್ನಾಯುವಿಗೆ ಸೂಜಿ ಚುಚ್ಚಿ ಅದರ ವಿದ್ಯುತ್ ಚಟುವಟಿಕೆ ನೋಡುವ ಇಎಂಜಿ ಪರೀಕ್ಷೆ ಅಪ್ಪನಿಗೆ ಬೇಕಿಲ್ಲವೆಂದು ಅದನ್ನು ಮಾಡಲಿಲ್ಲ, ಫೋನಿನಲ್ಲಿ ಹೇಳಿದ್ದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಲಿಲ್ಲ.

ಎರಡು ಕೊರತೆಗಳನ್ನು ಕೇಂದ್ರದವರು ಸರಿಪಡಿಸಲೇಬೇಕು. ಪಾದದ ಸ್ಪರ್ಶ ಕಳೆದುಕೊಂಡವರೇ ಹೆಚ್ಚಾಗಿ ಬರುವ ಈ ಜಾಗ ಮೊದಲ ಮಹಡಿಯಲ್ಲಿದೆ, ಮೆಟ್ಟಿಲಿಗೆ ಒಂದೇ ಬದಿಯಲ್ಲಿ ಹಿಡಿಕೆಯಿದೆ, ಮಳೆ ದಿನ ನೆಲಹಾಸು ಒದ್ದೆಯಾಗಿ ಜಾರುತ್ತದೆ. ಅಪ್ಪನನ್ನು ನಾನೂ ತಮ್ಮನೂ ಎರಡು ಕಡೆ ಹಿಡಿದೇ ಹತ್ತಿಸಿದೆವು. ಎರಡನೆಯದು, ಹಿಂದಿನ ದಿನ ಮೊಬೈಲಿಗೆ ಬರುವ ಸಂದೇಶ ಇಂಗ್ಲಿಷಿನಲ್ಲಿದೆ ಮತ್ತು ಅದರಲ್ಲಿ ಸಮಯ ಬಿಟ್ಟರೆ ಬೇರೇನೂ ಇಲ್ಲ. "ಸ್ನಾನ ಮಾಡಿ ಬನ್ನಿ, ಕೈಕಾಲಿಗೆ ಎಣ್ಣೆ, ಮುಲಾಮು ಹಚ್ಚಬೇಡಿ, ದಪ್ಪ ಕಾಲುಚೀಲ ಹಾಕಿಕೊಂಡು ಬನ್ನಿ" ಎಂದು ಕನ್ನಡದಲ್ಲಿ ಒಂದು ಸಾಲು ಸೇರಿಸಿದರೆ ತೋಟದ ಕಡೆಯಿಂದ ಬರುವ ಹಿರಿಯರಿಗೆ ಅರ್ಧ ಗಂಟೆ ಉಳಿಯುತ್ತದೆ.