ಪರಿಸರ ಎಂಜಿನಿಯರಿಂಗ್: ಮೂರು ಬಗೆಯಲ್ಲಿ ಕೋರ್ಸ್ ಜೋಡಿಸಿ ನೋಡಿದ ಮೇಲೆ

ನನ್ನ ತಂಗಿ ಈ ಸಲ ಪರಿಸರ ಎಂಜಿನಿಯರಿಂಗಿನ ಎರಡನೇ ವರ್ಷಕ್ಕೆ ಹೋಗುತ್ತಿದ್ದಾಳೆ. ಮೊನ್ನೆ ರಾತ್ರಿ ಊಟವಾದ ಮೇಲೆ ಕೋರ್ಸ್ ಆಯ್ಕೆಯ ಅರ್ಜಿಯನ್ನು ತಂದು ಮುಂದಿಟ್ಟು, “ಅಣ್ಣ, ನೀನು ಯಾವುದನ್ನು ಯಾವಾಗ ತೆಗೆದುಕೊಂಡಿದ್ದೆ?” ಎಂದು ಕೇಳಿದಳು. ಒಂದೇ ಮಾತಿನಲ್ಲಿ ಉತ್ತರಿಸಲು ನನ್ನಿಂದಾಗಲಿಲ್ಲ. ನಾಲ್ಕು ವರ್ಷಗಳಲ್ಲಿ ನಾನು ಮೂರು ಬೇರೆ ಬೇರೆ ರೀತಿಯಲ್ಲಿ ಕೋರ್ಸ್‌ಗಳನ್ನು ಜೋಡಿಸಿಕೊಂಡಿದ್ದೆ. ಮೂರರ ಫಲವೂ ಬೇರೆ ಬೇರೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಂಗಳೂರಿನ ಹೊರವಲಯದಲ್ಲಿದ್ದ ನಮ್ಮ ಕಾಲೇಜು ಸ್ವಾಯತ್ತವಾದ್ದರಿಂದ ಪ್ರತಿ ಸೆಮಿಸ್ಟರಿನಲ್ಲೂ ಎರಡು ಮೂರು ಕೋರ್ಸ್‌ಗಳನ್ನು ನಾವೇ ಆರಿಸಿಕೊಳ್ಳಬಹುದಿತ್ತು, ಕೆಲವನ್ನು ಹಿಂದೆ ಮುಂದೆ ಮಾಡಿಕೊಳ್ಳಬಹುದಿತ್ತು. ಅಂಥ ಅವಕಾಶ ಇಲ್ಲದವರಿಗೂ ಐಚ್ಛಿಕ ಕೋರ್ಸ್‌ಗಳ ಮಟ್ಟಿಗೆ ಈ ಮಾತು ಉಪಯೋಗಕ್ಕೆ ಬಂದೀತು.

ಮೊದಲನೆಯದು ಭಾರದ ಯೋಜನೆ. ಕಷ್ಟದ್ದನ್ನೆಲ್ಲ ಬೇಗ ಮುಗಿಸಿಬಿಟ್ಟರೆ ಕೊನೆಯ ವರ್ಷ ಪ್ರಾಜೆಕ್ಟಿಗೂ ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆಗೂ ಬಿಡುವಿರುತ್ತದೆ ಎಂದು ಹಿರಿಯ ವಿದ್ಯಾರ್ಥಿಗಳು ಹೇಳಿದ್ದರು. ಆ ಮಾತನ್ನು ನಂಬಿ ನಾಲ್ಕನೇ ಸೆಮಿಸ್ಟರಿನಲ್ಲಿ ದ್ರವ ಯಂತ್ರಶಾಸ್ತ್ರ, ಗಣಿತ, ಪರಿಸರ ರಸಾಯನಶಾಸ್ತ್ರ, ನೀರಿನ ಗುಣಮಟ್ಟದ ಲ್ಯಾಬ್, ಸರ್ವೇ ಲ್ಯಾಬ್ ಎಲ್ಲವನ್ನೂ ಒಟ್ಟಿಗೆ ತೆಗೆದುಕೊಂಡೆ. ಲೆಕ್ಕದಲ್ಲಿ ಅದು ಹೆಚ್ಚೇನೂ ಕಾಣಿಸುವುದಿಲ್ಲ. ಆದರೆ ಪಾಠಕ್ಕೆ ವಾರಕ್ಕೆ ಒಂದು ಗಂಟೆ ಕೂತರೆ ಒಂದು ಕ್ರೆಡಿಟ್. ಲ್ಯಾಬಿನಲ್ಲಿ ಅದೇ ಒಂದು ಕ್ರೆಡಿಟ್‌ಗೆ ಎರಡು ಗಂಟೆ ನಿಲ್ಲಬೇಕು, ಮನೆಗೆ ಬಂದು ರೆಕಾರ್ಡ್ ಬರೆಯಬೇಕು. ಕ್ರೆಡಿಟ್ ಎಣಿಸಿ ಸಮಯ ಎಣಿಸದವರು ಮುಗ್ಗರಿಸುವುದು ಇಲ್ಲೇ.

ಆದರೂ ನನ್ನನ್ನು ನಿಜವಾಗಿ ಕಾಡಿದ್ದು ಭಾರವಲ್ಲ, ಕ್ರಮ. ಏಪ್ರಿಲ್‌ನಲ್ಲಿ ನಾವು ನಾಲ್ವರು ಕೂಳೂರು ಸೇತುವೆಯ ಹತ್ತಿರ ಫಲ್ಗುಣಿ ನದಿಯ ನೀರನ್ನು ಬಾಟಲಿಯಲ್ಲಿ ತುಂಬಿಸಿಕೊಂಡು ಬಂದೆವು. ರಾಸಾಯನಿಕ ಆಮ್ಲಜನಕ ಬೇಡಿಕೆ, ಅಂದರೆ ಸಿಒಡಿ, ಅಳೆಯಬೇಕಿತ್ತು; ನೀರಿನಲ್ಲಿರುವ ಕೊಳೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ ಅದು. ಬಂದ ಅಂಕಿ ಎಷ್ಟು ದೊಡ್ಡದಿತ್ತೆಂದರೆ ನದಿಯಲ್ಲಿ ಹರಿಯುತ್ತಿರುವುದು ಬರೀ ಕೊಳಚೆ ಎಂದೇ ತೀರ್ಮಾನಿಸಿ, ಆವೇಶದಿಂದ ಹಾಗೆಯೇ ವರದಿ ಬರೆದೆವು. ಲ್ಯಾಬಿನ ಸಹಾಯಕರು ಅದನ್ನು ಓದಿ, “ಕ್ಲೋರೈಡ್ ಎಷ್ಟಿತ್ತು?” ಎಂದಷ್ಟೇ ಕೇಳಿದರು. ನಾವು ಅದನ್ನು ಅಳೆದೇ ಇರಲಿಲ್ಲ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇರುತ್ತದೆ. ನೇತ್ರಾವತಿ ಮತ್ತು ಫಲ್ಗುಣಿ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತವೆ. ಬೇಸಿಗೆಯಲ್ಲಿ ಮೇಲಿನಿಂದ ಬರುವ ಸಿಹಿನೀರು ಇಳಿದುಹೋದಾಗ ಉಬ್ಬರದ ಜೊತೆ ಉಪ್ಪು ನೀರು ಒಳಗೆ ನುಗ್ಗುತ್ತದೆ. ಸಿಒಡಿ ಪರೀಕ್ಷೆಯಲ್ಲಿ ಬಳಸುವ ಡೈಕ್ರೋಮೇಟ್ ಆ ಕ್ಲೋರೈಡನ್ನೂ ಉತ್ಕರ್ಷಿಸಿಬಿಡುತ್ತದೆ. ತಡೆಯದೆ ಉಳಿದ ಒಂದೊಂದು ಮಿಲಿಗ್ರಾಂ ಕ್ಲೋರೈಡೂ 0.226 ಮಿಲಿಗ್ರಾಂ ಸಿಒಡಿಯಂತೆ ಲೆಕ್ಕಕ್ಕೆ ಬರುತ್ತದೆ. ಇದನ್ನು ತಡೆಯಲೆಂದೇ ಮರ್ಕ್ಯುರಿಕ್ ಸಲ್ಫೇಟ್ ಹಾಕುತ್ತಾರೆ. ನಾವೂ ಕೈಪಿಡಿ ನೋಡಿ ಹಾಕಿದ್ದೆವು. ಆದರೆ ಆ ಪ್ರಮಾಣ ಲೀಟರಿಗೆ 2,000 ಮಿಲಿಗ್ರಾಂ ಕ್ಲೋರೈಡ್‌ವರೆಗೆ ಮಾತ್ರ ಸಾಲುತ್ತದೆ. ರಸಾಯನಶಾಸ್ತ್ರದ ತರಗತಿಯಲ್ಲಿ ಈ ಪಾಠ ಬಂದದ್ದು ನಮ್ಮ ಪ್ರಯೋಗವಾಗಿ ಒಂದೂವರೆ ತಿಂಗಳ ನಂತರ. ಎರಡನ್ನೂ ಒಂದೇ ಸೆಮಿಸ್ಟರಿನಲ್ಲಿ ತೆಗೆದುಕೊಂಡಿದ್ದರಿಂದ ಕೈ ಮುಂದೆ ಓಡಿತು, ತಲೆ ಹಿಂದೆ ಉಳಿಯಿತು. ಅಳಿವೆಯ ಊರಿನಲ್ಲಿ ನೀರು ಪರೀಕ್ಷಿಸಲು ಹೊರಟವನಿಗೆ ಉಪ್ಪಿನ ಪಾಠ ಮೊದಲೇ ಆಗಿರಬೇಕಿತ್ತು.

ಅಲ್ಲಿಂದ ಬೇಸತ್ತು ಐದನೇ ಸೆಮಿಸ್ಟರಿನಲ್ಲಿ ಪೂರ್ತಿ ವಿರುದ್ಧ ದಿಕ್ಕಿಗೆ ತಿರುಗಿದೆ. ಅಂಕ ಸುಲಭವಾಗಿ ಸಿಗುವ, ಶುಕ್ರವಾರ ಮಧ್ಯಾಹ್ನ ಬಿಡುವು ಕೊಡುವ ಕೋರ್ಸ್‌ಗಳನ್ನೇ ಆರಿಸಿದೆ. ಅಂಕಗಳು ಬಂದವು, ಅದನ್ನು ಮುಚ್ಚಿಡುವುದಿಲ್ಲ, ನಾಲ್ಕನೆಯದರಲ್ಲಿ 7.1 ಇದ್ದ ಸರಾಸರಿ 8.4ಕ್ಕೆ ಏರಿತು. ಮನೆಯಲ್ಲಿ ಸಂತೋಷಪಟ್ಟರು. ನಿದ್ದೆಯೂ ಸರಿಯಾಗಿ ಆಗುತ್ತಿತ್ತು, ಅದು ಸಣ್ಣ ವಿಷಯವಲ್ಲ. ಆರೋಗ್ಯ ಕೆಟ್ಟವರು, ಬ್ಯಾಕ್‌ಲಾಗ್ ಉಳಿಸಿಕೊಂಡವರು ಒಂದು ಸೆಮಿಸ್ಟರನ್ನು ಹೀಗೆ ಕಳೆಯುವುದರಲ್ಲಿ ತಪ್ಪೇನೂ ಇಲ್ಲ.

ಆದರೆ ಆ ಸೆಮಿಸ್ಟರಿನ ವಾಯುಮಾಲಿನ್ಯದ ಕೋರ್ಸ್ ನೆನೆದರೆ ಈಗಲೂ ಬೇಸರವಾಗುತ್ತದೆ. ಆಗಸ್ಟ್‌ನಲ್ಲಿ ಕಾಲೇಜಿನ ತಾರಸಿಯ ಮೇಲೆ ಗಾಳಿಯ ಕಣಗಳನ್ನು ಹಿಡಿಯುವ ಯಂತ್ರವನ್ನು ಇಟ್ಟೆವು. ಕರಾವಳಿಯ ಆಗಸ್ಟ್ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮಳೆ ಗಾಳಿಯನ್ನು ತೊಳೆದಿಟ್ಟಿತ್ತು. ಪಿಎಂ10, ಅಂದರೆ 10 ಮೈಕ್ರೋಮೀಟರ್ ಮತ್ತು ಅದಕ್ಕಿಂತ ಸಣ್ಣ ಕಣಗಳಿಗೆ ದೇಶದ 24 ಗಂಟೆಗಳ ಮಿತಿ ಘನ ಮೀಟರಿಗೆ 100 ಮೈಕ್ರೋಗ್ರಾಂ. ನಮಗೆ ಅದರ ಅರ್ಧವೂ ಬರಲಿಲ್ಲ. ಸೋಸುವ ಕಾಗದ ತೇವ ಹೀರಿ ತೂಕ ಬದಲಾಗುತ್ತಿದ್ದುದರಿಂದ ತೇವ ಹೀರುವ ಮುಚ್ಚಿದ ಪಾತ್ರೆಯಾದ ಡೆಸಿಕೇಟರ್‌ನಲ್ಲಿ ಒಂದು ದಿನ ಇಟ್ಟು ಮತ್ತೆ ತೂಗಬೇಕಾಗುತ್ತಿತ್ತು. ಜನವರಿಯಲ್ಲಿ ಕಿರಿಯರ ತಂಡ ಅದೇ ತಾರಸಿಯಲ್ಲಿ ಅಳೆದಾಗ ಎರಡು ಪಟ್ಟಿಗಿಂತ ಹೆಚ್ಚು ಬಂತು. ಒಂದೇ ಯಂತ್ರ, ಒಂದೇ ಜಾಗ. ನಾನು ಕಲಿಯಬೇಕಾದ ಕಾಲದಲ್ಲಿ ಕಲಿಯಲಿಲ್ಲ. ವೇಳಾಪಟ್ಟಿಯ ಶುಕ್ರವಾರ ನೋಡಿದೆನೇ ಹೊರತು ತಿಂಗಳು ನೋಡಲಿಲ್ಲ.

ಆ ಡಿಸೆಂಬರ್ ರಜೆಯಲ್ಲಿ ಕೂತು ಮೂರನೆಯ ಯೋಜನೆ ಮಾಡಿದೆ. ಒಂದು ದೊಡ್ಡ ಹಾಳೆಯ ಮೇಲೆ ಪ್ರತಿ ಕೋರ್ಸಿನಿಂದ ಮುಂದಿನದಕ್ಕೆ ಬಾಣ ಎಳೆದೆ. ಯಾವುದು ಯಾವುದಕ್ಕೆ ಊಟ ಬಡಿಸುತ್ತದೆ ಎಂಬುದೊಂದೇ ಪ್ರಶ್ನೆ. ಸೂಕ್ಷ್ಮಜೀವಿಶಾಸ್ತ್ರದಿಂದ ಜೈವಿಕ ಸಂಸ್ಕರಣೆಗೆ, ಅಲ್ಲಿಂದ ಸಂಸ್ಕರಣಾ ಘಟಕದ ವಿನ್ಯಾಸಕ್ಕೆ. ದ್ರವ ಯಂತ್ರಶಾಸ್ತ್ರದಿಂದ ನೀರು ಸರಬರಾಜಿಗೆ, ಅಲ್ಲಿಂದ ಉಚಿತವಾಗಿ ಸಿಗುವ ಇಪಾನೆಟ್ ತಂತ್ರಾಂಶದಲ್ಲಿ ಕೊಳವೆ ಜಾಲದ ಲೆಕ್ಕಕ್ಕೆ. ಬಾಣಗಳ ಕೆಳಗೆ ತಿಂಗಳುಗಳನ್ನು ಬರೆದೆ. ಆಗಸ್ಟ್‌ನಿಂದ ಡಿಸೆಂಬರ್ ಮಳೆ ಮತ್ತು ಅದರ ಬಾಲ. ಫೆಬ್ರವರಿಯಿಂದ ಮೇ ಸೆಖೆ ಮತ್ತು ಉಪ್ಪು.

ಆರನೇ ಸೆಮಿಸ್ಟರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರವನ್ನು ತಡವಾಗಿಯಾದರೂ ಓದಿ, ಅದರ ಬೆನ್ನಿಗೇ ಏಳನೆಯದರಲ್ಲಿ ಜೈವಿಕ ಸಂಸ್ಕರಣೆ ತೆಗೆದುಕೊಂಡೆ. ವ್ಯತ್ಯಾಸ ಮೊದಲ ವಾರದಲ್ಲೇ ಗೊತ್ತಾಯಿತು. ಹಳೆಯ ಪುಸ್ತಕಗಳಲ್ಲಿ ಬಿಒಡಿಯನ್ನು, ಅಂದರೆ ನೀರಿನ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕವನ್ನು, 20 ಡಿಗ್ರಿಯಲ್ಲಿ 5 ದಿನ ಇಟ್ಟು ಅಳೆಯುತ್ತಾರೆ. ನಮ್ಮ ದೇಶದ ಮಾನದಂಡ 27 ಡಿಗ್ರಿಯಲ್ಲಿ 3 ದಿನ. ನಾಲ್ಕನೇ ಸೆಮಿಸ್ಟರಿನಲ್ಲಿ ಇದನ್ನು ಬಾಯಿಪಾಠ ಮಾಡಿದ್ದೆ. ಈಗ ಕಾರಣ ಕಣ್ಣಿಗೆ ಕಟ್ಟಿತು: ಬೆಚ್ಚಗಿನ ನೀರಿನಲ್ಲಿ ಬ್ಯಾಕ್ಟೀರಿಯಾ ಬೇಗ ಉಣ್ಣುತ್ತವೆ. ಪ್ರತಿ ಡಿಗ್ರಿಗೆ 1.047ರಿಂದ ಗುಣಿಸುವ ಸೂತ್ರ ಹಾಕಿದರೆ 28 ಡಿಗ್ರಿಯ ನಮ್ಮ ನದಿಯಲ್ಲಿ ಕೊಳೆಯುವ ವೇಗ 20 ಡಿಗ್ರಿಯಲ್ಲಿ ಇರುವುದಕ್ಕಿಂತ ಸುಮಾರು ಶೇ 44ರಷ್ಟು ಹೆಚ್ಚು.

ಏಳನೆಯದರಲ್ಲೇ ಘನತ್ಯಾಜ್ಯ ನಿರ್ವಹಣೆಯನ್ನೂ ಇಟ್ಟುಕೊಂಡೆ, ಮಳೆಗಾಲಕ್ಕೆ ಬೇಕೆಂದೇ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಕಸ ಸುರಿಯುವ ಪಚ್ಚನಾಡಿಯ ತ್ಯಾಜ್ಯರಾಶಿ ಜಾರಿ ಪಕ್ಕದ ಮಂದಾರದ ಮನೆಗಳನ್ನೂ ಅಡಿಕೆ, ತೆಂಗಿನ ತೋಟಗಳನ್ನೂ ಮುಚ್ಚಿದ್ದನ್ನು ಈ ಊರು ಮರೆತಿಲ್ಲ. ಒಂದು ಹೆಕ್ಟೇರ್ ತೆರೆದ ರಾಶಿಯ ಮೇಲೆ ಒಂದೇ ತಿಂಗಳಲ್ಲಿ 1,000 ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಕೋಟಿ ಲೀಟರ್ ನೀರು. ಅದರಲ್ಲಿ ಎಷ್ಟು ಮೇಲಿಂದ ಹರಿದುಹೋಗುತ್ತದೆ, ಎಷ್ಟು ರಾಶಿಯೊಳಗೆ ಇಳಿದು ಕಪ್ಪು ರಸವಾಗಿ ಹೊರಬರುತ್ತದೆ, ಒಳಗೆ ನಿಂತ ನೀರು ರಾಶಿಯ ಹಿಡಿತವನ್ನು ಹೇಗೆ ಸಡಿಲಿಸುತ್ತದೆ ಎಂಬುದನ್ನು ಹೊರಗೆ ಮಳೆ ಹೊಯ್ಯುತ್ತಿರುವಾಗಲೇ ಲೆಕ್ಕ ಹಾಕಿದೆವು. ಆ ಕೋರ್ಸಿನಿಂದಲೇ ನನ್ನ ಪ್ರಾಜೆಕ್ಟ್ ಹುಟ್ಟಿತು. ಸರಾಸರಿ 8.0 ಬಂತು, ಐದನೆಯದಕ್ಕಿಂತ ಕಡಿಮೆ. ಸಂದರ್ಶನದಲ್ಲಿ ಮಾತ್ರ ನಾನು ಮಾತನಾಡಿದ್ದೆಲ್ಲ ಈ ಎರಡು ಸೆಮಿಸ್ಟರ್‌ಗಳ ಬಗ್ಗೆಯೇ.

ಮೂರನೆಯ ಯೋಜನೆಗೂ ತೊಡಕುಗಳಿವೆ. ಸರಪಳಿಯ ಒಂದು ಕೊಂಡಿ ಕಳಚಿದರೆ, ಅಂದರೆ ಒಂದು ಕೋರ್ಸಿನಲ್ಲಿ ಫೇಲಾದರೆ ಅಥವಾ ಆ ವರ್ಷ ಅದನ್ನು ಕಲಿಸದಿದ್ದರೆ, ಅದರ ಮುಂದಿನದೆಲ್ಲ ಒಂದು ವರ್ಷ ಜಾರುತ್ತದೆ. ನಾನು ಐದನೆಯದನ್ನು ಹಾಗೆ ಕಳೆದದ್ದರಿಂದ ವಿನ್ಯಾಸದ ಕೋರ್ಸಿಗೆ ಎಂಟನೇ ಸೆಮಿಸ್ಟರಿನಲ್ಲಿ, ಪ್ರಾಜೆಕ್ಟಿನ ಜೊತೆಯಲ್ಲಿ ಜಾಗ ಹುಡುಕಬೇಕಾಯಿತು.

ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ಸ್ವಯಂ ವೇದಿಕೆಯಲ್ಲಿ ಐಐಟಿಗಳು ಮತ್ತಿತರ ಸಂಸ್ಥೆಗಳು ಕೊಡುವ ಎನ್‌ಪಿಟಿಇಎಲ್ ಕೋರ್ಸ್‌ಗಳನ್ನೂ ಎರಡು ಸಲ ಪ್ರಯತ್ನಿಸಿದೆ. ಪಾಠ ಉಚಿತ, ಪ್ರಮಾಣಪತ್ರದ ಪರೀಕ್ಷೆಗೆ ಶುಲ್ಕ. ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75 ಅಂಕ. ಪರಿಸರ ಕಾನೂನು, ಸಂಖ್ಯಾಶಾಸ್ತ್ರದಂಥವಕ್ಕೆ ಅದು ತರಗತಿಗಿಂತ ಚೆನ್ನಾಗಿತ್ತು, ತಿರುಗಿಸಿ ತಿರುಗಿಸಿ ಕೇಳಬಹುದು. ಬಾಟಲಿ ಹಿಡಿಯಬೇಕಾದ ವಿಷಯಕ್ಕೆ ಆಗುವುದಿಲ್ಲ.

ತಂಗಿಯ ಹಾಳೆಯಲ್ಲಿ ಈಗ ಮೂರನೇ ಸೆಮಿಸ್ಟರಿಗೆ ಪರಿಸರ ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ ಎರಡೂ ಇವೆ, ಲ್ಯಾಬ್ ಒಂದೇ. ನೀರಿನ ಲ್ಯಾಬ್ ನಾಲ್ಕನೆಯದಕ್ಕೆ, ಬೇಸಿಗೆಗೆ. ವಾಯುಮಾಲಿನ್ಯವನ್ನು ಆರನೆಯದಕ್ಕೆ ತಳ್ಳಿದ್ದಾಳೆ. ನಕ್ಷೆ ತಯಾರಿಸುವ ತಂತ್ರಾಂಶವಾದ ಕ್ಯುಜಿಐಎಸ್ ಕಲಿಸುವ ಕೋರ್ಸನ್ನು ನಾಲ್ಕಕ್ಕೆ ಇಡಬೇಕೋ ಐದಕ್ಕೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನಾನು ಐದು ಎನ್ನುತ್ತಿದ್ದೇನೆ, ಅವಳು ಒಪ್ಪುತ್ತಿಲ್ಲ. ಅರ್ಜಿ ಕೊಡಲು ಸೋಮವಾರದವರೆಗೆ ಸಮಯವಿದೆ.